ಮೆನು ತೆಗೆದು ಮೂರು ಆಯಾಮದ ಅಂಗಡಿ ಕಟ್ಟಿಸುವ ಮುನ್ನ

ಚನ್ನಪಟ್ಟಣದ ಮರದ ಆಟಿಕೆಗಳನ್ನು ಮಾರುವ ನಮ್ಮ ಸಣ್ಣ ಅಂಗಡಿಗೆ ಕಳೆದ ವರ್ಷ ಹೊಸ ಜಾಲತಾಣ ಮಾಡಿಸಿದೆವು. ವಿನ್ಯಾಸದ ಹೊಣೆ ಹೊತ್ತ ಸಂಸ್ಥೆಯವರು ಮಾಮೂಲಿ ಮೆನುವನ್ನು ತೆಗೆದುಹಾಕಿ, ಅದರ ಜಾಗದಲ್ಲಿ ಮೂರು ಆಯಾಮದ ಅಂಗಡಿಯನ್ನೇ ಕಟ್ಟಿದರು. ಗಿಲಕಿಯನ್ನು ಒತ್ತಿದರೆ ಶಿಶುಗಳ ವಿಭಾಗ, ಬುಗುರಿಯನ್ನು ಒತ್ತಿದರೆ ಬೆಲೆಪಟ್ಟಿ, ಮೂಲೆಯ ಕುದುರೆಯನ್ನು ಒತ್ತಿದರೆ ನಮ್ಮ ವಿಳಾಸ. ಅವರ ಕಚೇರಿಯ ದೊಡ್ಡ ಪರದೆಯಲ್ಲಿ ಅದನ್ನು ಕಂಡು ನಾನು ಮರುಳಾದೆ. ಆ ತಪ್ಪು ನನ್ನದೇ.

ಗಿರಾಕಿಗಳಲ್ಲಿ ಹೆಚ್ಚಿನವರು ನೋಡುವುದು ಮೊಬೈಲಿನಲ್ಲಿ. ದೃಶ್ಯ ಮೂಡುವ ಮೊದಲು 28 ಎಂಬಿ ಇಳಿಯಬೇಕಿತ್ತು, ಅಷ್ಟರಲ್ಲಿ ಫೋನು ಬಿಸಿಯಾಗುತ್ತಿತ್ತು. ಹಳೆಯ ಗಿರಾಕಿಯಾದ ಹಿರಿಯರೊಬ್ಬರು ನನ್ನೆದುರೇ ಪ್ರಯತ್ನಿಸಿದರು. ಪುಟ ಸರಿಸಲೆಂದು ಬೆರಳೆಳೆದರೆ ಅಂಗಡಿಯೇ ತಿರುಗಿತು, ಇನ್ನೊಮ್ಮೆ ಎಳೆದರೆ ಬರೀ ಗೋಡೆ ಕಾಣಿಸಿತು, ಹಿಂದಕ್ಕೆ ಹೋಗುವ ಗುಂಡಿ ಒತ್ತಿದಾಗ ಜಾಲತಾಣದಿಂದಲೇ ಹೊರಬಿದ್ದರು. "ಏನಪ್ಪಾ, ಬೆಲೆ ಎಲ್ಲಿ ಬರೆದಿದ್ದೀರಿ?" ಎಂದು ಕೇಳಿ ಫೋನನ್ನು ನನ್ನ ಕೈಗಿತ್ತರು.

ಕಾರಣ ನನಗೆ ತಿಳಿದದ್ದು ಆಮೇಲೆ. ಬ್ರೌಸರಿನಲ್ಲಿ ಮೂರು ಆಯಾಮದ ಚಿತ್ರ ಮೂಡಿಸುವ ತಂತ್ರವಾದ ವೆಬ್‌ಜಿಎಲ್ ಚಿತ್ರಿಸುವುದೆಲ್ಲ ಕ್ಯಾನ್ವಾಸ್ ಎಂಬ ಒಂದೇ ಚೌಕಟ್ಟಿನೊಳಗೆ. ಅಲ್ಲಿ ಕಾಣುವ ಗಿಲಕಿ ಬ್ರೌಸರಿನ ಲೆಕ್ಕದಲ್ಲಿ ಕೊಂಡಿಯಲ್ಲ, ಬಣ್ಣದ ಚುಕ್ಕೆಗಳ ಗುಂಪು. ಬೆರಳು ತಾಗಿದ ಬಿಂದುವಿನಿಂದ ದೃಶ್ಯದೊಳಕ್ಕೆ ಕಾಲ್ಪನಿಕ ಕಿರಣವೊಂದನ್ನು ಹಾಯಿಸಿ, ಅದು ಯಾವ ವಸ್ತುವಿಗೆ ಬಡಿಯಿತೆಂದು ಪ್ರೋಗ್ರಾಮು ಲೆಕ್ಕ ಹಾಕುತ್ತದೆ, ಅಷ್ಟೆ. ಹೀಗಾಗಿ, ಬದಲಿ ಕೊಂಡಿಗಳನ್ನು ಬೇರೆಯಾಗಿ ಬರೆದಿರದಿದ್ದರೆ, ದೃಷ್ಟಿಹೀನರು ಬಳಸುವ ಸ್ಕ್ರೀನ್ ರೀಡರ್‌ಗೆ ಓದಲು ಏನೂ ಸಿಗುವುದಿಲ್ಲ, ಟ್ಯಾಬ್ ಕೀಲಿ ಯಾವ ವಸ್ತುವನ್ನೂ ಮುಟ್ಟುವುದಿಲ್ಲ, ಕೊಂಡಿ ಹಿಡಿದು ಸಾಗುವ ಗೂಗಲ್‌ಗೂ ಒಳಪುಟಗಳ ದಾರಿ ಕಾಣುವುದಿಲ್ಲ. ನಮ್ಮಲ್ಲಿ ಸೈಟ್‌ಮ್ಯಾಪ್, ಅಂದರೆ ಹುಡುಕುತಾಣಗಳಿಗೆಂದು ಕೊಡುವ ಪುಟಗಳ ಪಟ್ಟಿ, ಕೂಡ ಇರಲಿಲ್ಲ. ಹುಡುಕಾಟದಲ್ಲಿ ಮುಖಪುಟವೊಂದೇ ಉಳಿಯಿತು. 2020ರ ಕೊನೆಗೆ ಅಡೋಬಿ ಬೆಂಬಲ ನಿಲ್ಲಿಸಿದ ಫ್ಲ್ಯಾಶ್ ಎಂಬ ಚಲನಚಿತ್ರಿಕೆಯ ತಂತ್ರಾಂಶದ ಕಾಲದ ಜಾಲತಾಣಗಳಿಗೂ ಇದೇ ರೋಗವಿತ್ತಂತೆ. ಚಲನೆ ಕಡಿಮೆ ಮಾಡುವಂತೆ ಫೋನಿನಲ್ಲೇ ಇರುವ ಆಯ್ಕೆಯನ್ನೂ ವಿನ್ಯಾಸದ ಸಂಸ್ಥೆಯವರು ಲೆಕ್ಕಿಸಿರಲಿಲ್ಲ. ನನ್ನ ತಂಗಿಗೆ ಎರಡೇ ನಿಮಿಷದಲ್ಲಿ ತಲೆ ಸುತ್ತಿತು.

ಇಂಥದ್ದನ್ನು ಒಪ್ಪುವ ಮೊದಲು ನಿಮ್ಮದೇ ಅಗ್ಗದ ಫೋನಿನಲ್ಲಿ, ವೈಫೈ ಆಫ್ ಮಾಡಿ, ಅಂಗಡಿಯ ಫೋನ್ ನಂಬರನ್ನು ಹುಡುಕಿ ನೋಡಿ. ಕಂಪ್ಯೂಟರಿನಲ್ಲಿ ಮೌಸ್ ಮುಟ್ಟದೆ ಬೆಲೆಪಟ್ಟಿಯವರೆಗೆ ಹೋಗಿ ನೋಡಿ. ಮೂರು ಆಯಾಮವೇ ಬೇಡವೆಂದು ನಾನು ಹೇಳುತ್ತಿಲ್ಲ. ಈಗಲೂ ಪ್ರತಿ ಆಟಿಕೆಯ ಪುಟದಲ್ಲಿ "ತಿರುಗಿಸಿ ನೋಡಿ" ಎಂಬ ಗುಂಡಿಯಿದೆ, ಗಿರಾಕಿಗಳಿಗೆ ಅದು ಇಷ್ಟವಾಗಿದೆ. ಮೇಲ್ಗಡೆ ಅಕ್ಷರಗಳ ಹಳೆಯ ಮೆನು ಮರಳಿದೆ. ಒಪ್ಪಂದದಲ್ಲಿ ಮೆನು ಎಂಬ ಪದವೇ ಇಲ್ಲವೆಂದು ತೋರಿಸಿ, ಅದಕ್ಕೆ ಸಂಸ್ಥೆಯವರು ಪ್ರತ್ಯೇಕ ಬಿಲ್ಲು ಕಳಿಸಿದರು.