ಎಂಟು ಹಾಡು, ಐವರು ಅತಿಥಿಗಳು, ಒಂದೂ ಕಾಗದವಿಲ್ಲ

ಆಲ್ಬಂ ಬಿಡುಗಡೆಯಾದ 11ನೇ ದಿನ ಬೆಳಿಗ್ಗೆ ಮೊಬೈಲ್ ತೆರೆದರೆ ಪಟ್ಟಿಯಲ್ಲಿ ಮೂರನೆಯ ಹಾಡಿನ ಹೆಸರು ಮಂಕಾಗಿತ್ತು. ಒತ್ತಿದರೆ ಹಾಡಲಿಲ್ಲ. ನೆಟ್‌ವರ್ಕ್ ಸರಿಯಿಲ್ಲವೇನೋ ಎಂದುಕೊಂಡು ಇನ್ನೊಂದು ಆ್ಯಪ್‌ನಲ್ಲಿ ಹುಡುಕಿದೆ. ಅಲ್ಲಿ ಹೆಸರೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ, ನಮ್ಮ ಹಾಡುಗಳನ್ನು ಆ್ಯಪ್‌ಗಳಿಗೆ ತಲುಪಿಸುವ ವಿತರಣಾ ಸಂಸ್ಥೆಯಿಂದ ಇಮೇಲ್ ಬಂತು. ಹಾಡಿರುವ ಗಾಯಕಿ ಒಂದು ಆಡಿಯೊ ಕಂಪನಿಯೊಂದಿಗೆ ಒಪ್ಪಂದದಲ್ಲಿದ್ದಾರೆ, ಆ ಕಂಪನಿಯ ಅನುಮತಿಯಿಲ್ಲದೆ ಅವರ ಧ್ವನಿಯನ್ನು ಬಳಸಲಾಗಿದೆ, ಆದ್ದರಿಂದ ಹಾಡನ್ನು ತೆಗೆಯಲಾಗಿದೆ. ಮೂರೇ ಸಾಲು. ಆಲ್ಬಮ್ಮಿಗೆ ನಾನು ಕೊಟ್ಟದ್ದು 14 ತಿಂಗಳು.

ಸ್ವಂತ ಹಾಡುಗಳಿಗೆ ಬೇರೆ ಕಲಾವಿದರನ್ನು ಕರೆದು ಆಲ್ಬಂ ಮಾಡಬೇಕೆಂದಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹೇಳುವುದಿಲ್ಲ. ಈ ಕತೆಯಲ್ಲಿ ಮೋಸಗಾರರಿಲ್ಲ. ಇದ್ದಿದ್ದರೆ ಬರೆಯುವುದು ಸುಲಭವಾಗುತ್ತಿತ್ತು, ಬೈದು ಹಗುರಾಗುತ್ತಿದ್ದೆ. ಐವರೂ ಪ್ರೀತಿಯಿಂದ ಬಂದವರು, ಚೆನ್ನಾಗಿ ನುಡಿಸಿದವರು. ಕೇಳಬೇಕಾದ್ದನ್ನು ನಾನು ಕೇಳಲಿಲ್ಲ, ಹೇಳಬೇಕಾದ್ದನ್ನು ಅವರು ಹೇಳಲಿಲ್ಲ. ಸಂಭಾವನೆಯ ಮಾತೆತ್ತಿದಾಗಲೆಲ್ಲ ‘ಅದೆಲ್ಲ ಆಮೇಲೆ ನೋಡೋಣ ಬಿಡಿ’ ಎಂಬ ಉತ್ತರ ಬರುತ್ತಿತ್ತು, ನಾನು ಒಳಗೊಳಗೇ ಖುಷಿಪಡುತ್ತಿದ್ದೆ. ಆ ಖುಷಿಗೆ ಆಮೇಲೆ ಬಡ್ಡಿ ಸಮೇತ ತೆತ್ತೆ.

ಮೊದಲು ಸಣ್ಣ ತಪ್ಪುಗಳನ್ನು ಹೇಳಿಬಿಡುತ್ತೇನೆ. ಐವರೂ ಐದು ಕಡೆ ಇದ್ದವರು. ಎಲ್ಲರೂ ತಮ್ಮ ತಮ್ಮ ಮನೆಯಲ್ಲೇ ರೆಕಾರ್ಡ್ ಮಾಡಿ ಫೈಲ್ ಕಳಿಸುವುದೆಂದು ಮಾತಾಗಿತ್ತು. ನಾನು ಕಚ್ಚಾ ಹಾಡನ್ನು ಎಂಪಿ3 ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಹಾಕಿ ‘ಇದರ ಮೇಲೆ ನುಡಿಸಿ’ ಎಂದೆ. ಅಷ್ಟೇ ಸೂಚನೆ.

ಮೊದಲು ಬಂದದ್ದು ಕೊಳಲು. ಹಾಡಿನ ಮೇಲೆ ಕೂರಿಸಿ ಕೇಳಿದರೆ ಒಂದೂವರೆ ಅರ್ಧಸ್ವರದಷ್ಟು (ಕೀಬೋರ್ಡಿನ ಅಕ್ಕಪಕ್ಕದ ಎರಡು ಮನೆಗಳ ಅಂತರವೇ ಒಂದು ಅರ್ಧಸ್ವರ) ಕೆಳಗಿನ ಶ್ರುತಿಯಲ್ಲಿ, ನಿದ್ದೆಗಣ್ಣಿನಲ್ಲಿ ನುಡಿಸಿದಂತೆ ತೆವಳುತ್ತಿತ್ತು. ಇಷ್ಟು ಅನುಭವಿ ಕಲಾವಿದರು ಹೀಗೇಕೆ ನುಡಿಸಿದರು ಎಂದು ಅರ್ಧ ದಿನ ಬೇಸರಪಟ್ಟುಕೊಂಡೆ. ಅವರು 48 ಕಿಲೋಹರ್ಟ್ಸ್ ಸ್ಯಾಂಪಲ್ ರೇಟ್‌ನಲ್ಲಿ, ಅಂದರೆ ಧ್ವನಿಯನ್ನು ಸೆಕೆಂಡಿಗೆ 48,000 ಸಲ ಅಳೆಯುವ ದರದಲ್ಲಿ ರೆಕಾರ್ಡ್ ಮಾಡಿದ್ದರು, ನನ್ನ ಪ್ರಾಜೆಕ್ಟ್ 44.1ರಲ್ಲಿತ್ತು. ಬೇರೆ ದರದ ಫೈಲ್ ಬಂದರೆ ತಂತ್ರಾಂಶ ತಾನೇ ಪರಿವರ್ತಿಸಿಕೊಳ್ಳುತ್ತದೆ. ಆ ಆಯ್ಕೆಯನ್ನು ಎಂದೋ ತೆಗೆದುಹಾಕಿದ್ದವನೂ ನಾನೇ, ಮರೆತವನೂ ನಾನೇ. 4 ನಿಮಿಷದ ಹಾಡಿಗೆ ನುಡಿಸಿದ ಕೊಳಲು 4 ನಿಮಿಷ 21 ಸೆಕೆಂಡ್ ಎಳೆಯುತ್ತಿತ್ತು. ಅದೇನೋ ಸರಿಯಾಯಿತು. ಸರಿಯಾಗದೇ ಉಳಿದದ್ದು ರಿವರ್ಬ್. ಚೆನ್ನಾಗಿ ಕೇಳಲಿ ಎಂದು ಅವರು ದೊಡ್ಡ ಸಭಾಂಗಣದ ಗುಂಯ್‌ಗುಡುವಿಕೆಯನ್ನು ಬೆರೆಸಿಯೇ ಕಳಿಸಿದ್ದರು. ಹಾಲಿಗೆ ನೀರು ಬೆರೆತ ಮೇಲೆ ಬೇರೆ ಮಾಡಲು ಹಂಸವೇ ಬೇಕು, ಮಿಕ್ಸಿಂಗ್ ಎಂಜಿನಿಯರಿಂದ ಆಗುವುದಿಲ್ಲ. ಮೂಲ ಫೈಲ್ ಕೊಡಿ ಎಂದರೆ ಅಳಿಸಿಬಿಟ್ಟಿದ್ದರು. ಎರಡನೆಯ ಸಲ ನುಡಿಸಿಕೊಟ್ಟರು, ಮೊದಲಿನಷ್ಟು ಮನಸ್ಸಿಟ್ಟು ನುಡಿಸಿರಲಿಲ್ಲ. ಅವರನ್ನು ದೂರುವಂತಿಲ್ಲ. ಬಿಟ್ಟಿ ಕೆಲಸವನ್ನು ಎರಡು ಸಲ ಮಾಡಿಸಿದ್ದೆ.

ಡ್ರಮ್ಸ್ ನುಡಿಸಿದವನು ಹಳೆಯ ಗೆಳೆಯ. ಅವನ ಫೈಲ್‌ನಲ್ಲಿ ಪ್ರತಿ ಪೆಟ್ಟೂ ಒಂದು ಕೂದಲೆಳೆಯಷ್ಟು ತಡ. ‘ನಿನ್ನ ಲಯ ಕೆಟ್ಟಿದೆ’ ಎಂದು ಹೇಳಿಯೂಬಿಟ್ಟೆ. ಅವನು ಎರಡು ದಿನ ಫೋನ್ ತೆಗೆಯಲಿಲ್ಲ. ಮೂರನೆಯ ದಿನ ತೆಗೆದವನು ಕೇಳಿದ್ದು ಒಂದೇ ಮಾತು: ‘ನೀನು ಕಳಿಸಿದ್ದು ಎಂಪಿ3 ಅಲ್ಲವೇನೋ?’ ಎಂಪಿ3 ಮಾಡುವಾಗ ಫೈಲಿನ ಆರಂಭದಲ್ಲಿ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ. ಹಲವು ತಂತ್ರಾಂಶಗಳಲ್ಲಿ ಅದು ಸುಮಾರು 25 ಮಿಲಿಸೆಕೆಂಡ್. ಅವನು ಆ ಮೌನದ ಸಮೇತ ನುಡಿಸಿದ್ದ, ನಾನು ಮೌನವಿಲ್ಲದ ಮೂಲ ವೇವ್ ಫೈಲ್ ಪಕ್ಕದಲ್ಲಿಟ್ಟು ನೋಡುತ್ತಿದ್ದೆ. ಲಯ ಕೆಟ್ಟದ್ದು ನನ್ನದು. ಈಗ ಯಾರಿಗೇ ಕಳಿಸಲಿ, 24 ಬಿಟ್ ವೇವ್ ಫೈಲ್ ಅನ್ನೇ ಕಳಿಸುತ್ತೇನೆ. ಸ್ಯಾಂಪಲ್ ರೇಟ್, ಹಾಡಿನ ವೇಗ, ಶ್ರುತಿ ಇವನ್ನು ಫೈಲಿನ ಹೆಸರಿನಲ್ಲೇ ಬರೆಯುತ್ತೇನೆ. ಹಾಡಿಗೆ ಮುಂಚೆ ನಾಲ್ಕು ಎಣಿಕೆಯ ಕ್ಲಿಕ್ ಇಟ್ಟು, ನಿಮ್ಮ ಟ್ರ್ಯಾಕಿನಲ್ಲೂ ಆ ಎಣಿಕೆಗೆ ಒಂದು ಚಪ್ಪಾಳೆ ತಟ್ಟಿ ಎಂದು ಕೇಳಿಕೊಳ್ಳುತ್ತೇನೆ. ಎಣಿಕೆಯೂ ಚಪ್ಪಾಳೆಯೂ ಒಂದರ ಮೇಲೊಂದು ಕೂತರೆ ಜಗಳಕ್ಕೆ ಜಾಗವಿಲ್ಲ.

ಪಿಟೀಲಿನ ವಿಷಯಕ್ಕೆ ಬರುತ್ತೇನೆ. ಅದು ತಾಂತ್ರಿಕವಾಗಿ ಶುರುವಾಗಿ ಬೇರೆಲ್ಲಿಗೋ ಹೋಯಿತು.

ಆರನೆಯ ಹಾಡಿನಲ್ಲಿ ಬೇಸ್ ಗಿಟಾರ್ ಒಂದೇ ಸ್ವರವನ್ನು ಹಿಡಿದು ನಿಂತಾಗ ಪಿಟೀಲು ಅದರ ಮೇಲೆ ಇಳಿದು ಬಂದು ಅದೇ ಸ್ವರದಲ್ಲಿ ಕೂರುತ್ತದೆ. ಅಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಏನೋ ತೊಯ್ದಾಟ. ಸೆಕೆಂಡಿಗೆ ಎರಡರಂತೆ ಅಲೆ ಏಳುತ್ತಿತ್ತು, ಯಾರೋ ಉಯ್ಯಾಲೆಯನ್ನು ಮೆಲ್ಲಗೆ ತೂಗಿದಂತೆ. ನನ್ನ ಬೇಸ್ ಗಿಟಾರ್ 440 ಹರ್ಟ್ಸ್‌ಗೆ ಶ್ರುತಿಯಾಗಿತ್ತು, ಪಿಟೀಲಿನವರು ತಮ್ಮ ವಾದ್ಯವೃಂದದ ರೂಢಿಯಂತೆ 442ಕ್ಕೆ. ಅರ್ಧಸ್ವರವನ್ನು ನೂರು ಪಾಲು ಮಾಡಿದರೆ ಸುಮಾರು 8 ಪಾಲಿನ ವ್ಯತ್ಯಾಸ, ಅಷ್ಟೇ. ಸರಿಪಡಿಸುವುದು ಐದು ನಿಮಿಷದ ಕೆಲಸ. ಆದರೆ ಸರಿಪಡಿಸುತ್ತಾ ಕೂತಾಗ ಆ ಇಳಿಯುವ ಸಾಲು ನನ್ನ ತಲೆಗೆ ಹೊಕ್ಕಿತು. ಹಾಡಿನ ಆರಂಭಕ್ಕೂ ಕೊನೆಗೂ ಅದನ್ನೇ ತಂದಿಟ್ಟೆ, ಚರಣದ ನಡುವೆ ಕೊಳಲಿನಲ್ಲೂ ಅದನ್ನೇ ನುಡಿಸಿಸಿದೆ. ಕೇಳಿದವರು ಗುನುಗುತ್ತಿದ್ದುದು ನನ್ನ ಪಲ್ಲವಿಯನ್ನಲ್ಲ, ಆ ಸಾಲನ್ನು. ಬಿಡುಗಡೆಯ ದಿನ ಸಂಯೋಜನೆಯ ಜಾಗದಲ್ಲಿ ನನ್ನ ಹೆಸರೊಂದನ್ನೇ ಹಾಕಿದೆ. ಪಿಟೀಲಿನ ಎದುರು ಅವರ ಹೆಸರು ಇತ್ತಲ್ಲ, ಸಾಕು ಎಂದುಕೊಂಡೆ.

ವಾರದ ನಂತರ ಅವರೇ ಫೋನ್ ಮಾಡಿದರು. ದನಿ ಏರಿಸಲಿಲ್ಲ.

‘ಆ ಸಾಲನ್ನು ನೀವು ನನಗೆ ಬರೆದುಕೊಟ್ಟಿದ್ದಿರಾ?’

‘ಇಲ್ಲ. ನೀವೇ ನುಡಿಸಿದ್ದು.’

‘ಹಾಗಾದರೆ ಅದನ್ನು ಸಂಯೋಜಿಸಿದವರು ಯಾರು?’

ನನ್ನ ಬಳಿ ಉತ್ತರವಿರಲಿಲ್ಲ. ಅವರು ಪಿಂಕ್ ಫ್ಲಾಯ್ಡ್ ಎಂಬ ಬ್ರಿಟಿಷ್ ರಾಕ್ ತಂಡದ 1973ರ ಆಲ್ಬಮ್ಮಿನ ಕತೆ ಹೇಳಿದರು. ಕ್ಲೇರ್ ಟೋರಿ ಎಂಬ ಗಾಯಕಿ ಬಂದು, ಅದರ ಒಂದು ಹಾಡಿಗೆ ಪದಗಳೇ ಇಲ್ಲದ ಆಲಾಪವನ್ನು ಅಲ್ಲೇ ಕಟ್ಟಿ ಹಾಡಿ, 30 ಪೌಂಡ್ ಪಡೆದು ಮನೆಗೆ ಹೋದರು. 2004ರಲ್ಲಿ ಅವರು ಮೊಕದ್ದಮೆ ಹೂಡಿದರು. 2005ರಲ್ಲಿ ನ್ಯಾಯಾಲಯದ ಹೊರಗೆ ರಾಜಿಯಾಗಿ, ಆ ಹಾಡಿನ ಸಂಯೋಜಕರ ಸಾಲಿನಲ್ಲಿ ಅವರ ಹೆಸರೂ ಸೇರಿತು. ‘ನನಗೆ ಮೂವತ್ತು ವರ್ಷ ಕಾಯುವ ತಾಳ್ಮೆ ಇಲ್ಲ’ ಎಂದು ನಕ್ಕರು. ಆ ನಗುವಿನಿಂದ ನನಗೆ ಸಮಾಧಾನವಾಗಲಿಲ್ಲ.

ಅವರ ಮಾತು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಕೊಟ್ಟ ಸ್ವರವನ್ನು ನುಡಿಸುವುದು ಬೇರೆ, ಇಲ್ಲದ ಸ್ವರವನ್ನು ಹುಟ್ಟಿಸುವುದು ಬೇರೆ. ಗೊಂದಲಕ್ಕೆ ಕಾರಣ, ಒಂದು ಹಾಡಿನಲ್ಲಿ ಒಂದಲ್ಲ, ಹಲವು ಹಕ್ಕುಗಳಿವೆ. ಸಾಹಿತ್ಯ ಮತ್ತು ಸಂಯೋಜನೆಯದು ಒಂದು. ಮಾಸ್ಟರ್, ಅಂದರೆ ಆ ನಿರ್ದಿಷ್ಟ ಧ್ವನಿಮುದ್ರಣದ್ದು ಇನ್ನೊಂದು. ಹಾಡಿದವರಿಗೆ, ನುಡಿಸಿದವರಿಗೆ ಇರುವ ಪ್ರದರ್ಶಕರ ಹಕ್ಕು ಮತ್ತೊಂದು. 1961ರ ರೋಮ್ ಅಂತರರಾಷ್ಟ್ರೀಯ ಒಪ್ಪಂದದಲ್ಲೇ ಇದಕ್ಕೆ ಜಾಗ ಸಿಕ್ಕಿದೆ. ವಿವರಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಸಂಭಾವನೆ ಕೊಟ್ಟೆವು, ಎಲ್ಲವೂ ನಮ್ಮದಾಯಿತು ಎಂದುಕೊಳ್ಳಬೇಡಿ. ನಾನಂತೂ ಸಂಭಾವನೆಯನ್ನೂ ಕೊಟ್ಟಿರಲಿಲ್ಲ! ಪಾಲು ಎಷ್ಟೆಂಬುದು ಎರಡು ಫೋನ್ ಕರೆಗಳಲ್ಲಿ ತೀರ್ಮಾನವಾಯಿತು. ನುಡಿಸಿದ ಸಂಜೆಯೇ ಕೇಳಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು.

ಕೀಬೋರ್ಡ್ ನುಡಿಸಿದ ಹುಡುಗ ಒಂದು ಸಿದ್ಧ ಲೂಪ್, ಅಂದರೆ ಮತ್ತೆ ಮತ್ತೆ ಸುತ್ತುವ ರೆಡಿಮೇಡ್ ಸಂಗೀತದ ತುಣುಕು, ಬಳಸಿದ್ದ. ‘ಹಕ್ಕುಮುಕ್ತ ಸರ್, ಯಾರು ಬೇಕಾದರೂ ಬಳಸಬಹುದು’ ಎಂದ. ನಿಜ, ಯಾರು ಬೇಕಾದರೂ ಬಳಸಬಹುದು, ಹಾಗಾಗಿ ಎಲ್ಲರೂ ಬಳಸಿದ್ದರು. ಅವರಲ್ಲಿ ಯಾರೋ ತಮ್ಮ ಹಾಡನ್ನು ವಿಡಿಯೊ ತಾಣದ ಹಕ್ಕುಪತ್ತೆ ವ್ಯವಸ್ಥೆಗೆ ಸೇರಿಸಿದ್ದರಿಂದ ನನ್ನ ಹಾಡು ಅವರದೆಂದು ಯಂತ್ರ ತೀರ್ಪು ಕೊಟ್ಟಿತು. ಲೂಪ್ ತೆಗೆದು ಹುಡುಗನ ಕೈಯಿಂದಲೇ ನುಡಿಸಿ ಹಾಕಿದೆ. ಅದರ ಕತೆ ಅಷ್ಟೇ.

ಈಗ ಗಾಯಕಿ.

ಅವರ ಧ್ವನಿಯ ಫೈಲ್ ಬಂದದ್ದು ರಾತ್ರಿ ಎರಡಕ್ಕೆ. ಉಳಿದ ವಾದ್ಯಗಳನ್ನೆಲ್ಲ ಮೌನ ಮಾಡಿ ಅದೊಂದನ್ನೇ ಕೇಳಿದೆ. ಉಸಿರು ಎಳೆದುಕೊಳ್ಳುವ ಸದ್ದು, ಹೆಡ್‌ಫೋನಿನಿಂದ ಸೋರಿ ಮೈಕ್‌ಗೆ ಬಿದ್ದ ಕ್ಲಿಕ್, ದೂರದಲ್ಲೆಲ್ಲೋ ಬಾಗಿಲು ಮುಚ್ಚಿಕೊಂಡದ್ದು, ಇವೆಲ್ಲದರ ನಡುವೆ ಎರಡನೆಯ ಚರಣದ ಕೊನೆಯಲ್ಲಿ ಧ್ವನಿ ಒಂದು ಕ್ಷಣ ಬಿರುಕು ಬಿಟ್ಟು ಕೂಡಿಕೊಂಡಿತು. ಆ ಬಿರುಕು ನಾನು ಬರೆದದ್ದಲ್ಲ, ಹಾಡು ಅದರಿಂದಲೇ ಹಾಡಾಯಿತು. ಬೆಳಿಗ್ಗೆ ಅವರಿಗೆ ಬರೆದ ಸಂದೇಶದಲ್ಲಿ ಧನ್ಯವಾದ ಬಿಟ್ಟು ಬೇರೇನೂ ಇರಲಿಲ್ಲ. ‘ನೀವು ಯಾವುದಾದರೂ ಕಂಪನಿಯೊಂದಿಗೆ ಒಪ್ಪಂದದಲ್ಲಿದ್ದೀರಾ?’ ಎಂಬ ಒಂದು ಸಾಲು ಇರಬೇಕಿತ್ತು.

ಅವರು ಇದ್ದರು. ತನ್ನ ಕಂಪನಿಯ ಹೊರಗೆ ಎಲ್ಲಿಯೂ ಧ್ವನಿಮುದ್ರಣ ಮಾಡಕೂಡದು ಎಂಬ ಷರತ್ತಿನ ಒಪ್ಪಂದ. ಇಂಥ ಷರತ್ತು ಅಪರೂಪವೇನಲ್ಲ. ಇನ್ನೊಬ್ಬರ ಆಲ್ಬಮ್ಮಿನಲ್ಲಿ ಅತಿಥಿಯಾಗಿ ಹಾಡಬೇಕಾದರೂ ಕಂಪನಿಯ ಲಿಖಿತ ಅನುಮತಿ ಬೇಕು. ಹಳೆಯ ಆಲ್ಬಂಗಳ ಹೊದಿಕೆಯ ಮೇಲೆ ಅತಿಥಿಯ ಹೆಸರಿನ ಕೆಳಗೆ ‘ಇಂಥ ಕಂಪನಿಯ ಸೌಜನ್ಯದಿಂದ’ ಎಂದು ಸಣ್ಣ ಅಕ್ಷರದಲ್ಲಿ ಇರುತ್ತಿತ್ತಲ್ಲ, ಅದು ಇದೇ. ನಾನು ಅದನ್ನು ಬರಿಯ ಶಿಷ್ಟಾಚಾರ ಎಂದುಕೊಂಡಿದ್ದೆ. ಸ್ವತಂತ್ರ ಕಲಾವಿದರ ಸಣ್ಣ ಆಲ್ಬಂ, ಹಣದ ವ್ಯವಹಾರವೂ ಇಲ್ಲ, ಯಾರು ಕೇಳುತ್ತಾರೆ ಎಂದು ಅವರು ಅಂದುಕೊಂಡಿದ್ದರು.

ಕಂಪನಿಗೆ ಗೊತ್ತಾದದ್ದು ಹೇಗೆ? ನನ್ನ ಗೌರವದಿಂದಲೇ. ಹಾಡನ್ನು ನೋಂದಾಯಿಸುವಾಗ ಅವರ ಹೆಸರನ್ನು ಬರಿಯ ಗಾಯಕಿ ಎಂದು ಹಾಕಲು ಮನಸ್ಸು ಬರಲಿಲ್ಲ. ನನ್ನ ಹೆಸರಿನ ಪಕ್ಕದಲ್ಲಿ ಮುಖ್ಯ ಕಲಾವಿದೆ ಎಂದು ಹಾಕಿದೆ. ಮುಖ್ಯ ಕಲಾವಿದರೆಂದು ಹಾಕಿದರೆ ಹಾಡು ಅವರ ಪುಟದಲ್ಲೂ ಹೊಸ ಬಿಡುಗಡೆಯಾಗಿ ಕಾಣಿಸುತ್ತದೆ, ಅವರ ಅಭಿಮಾನಿಗಳಿಗೂ ಸೂಚನೆ ಹೋಗುತ್ತದೆ. ಆ ಪುಟವನ್ನು ನೋಡಿಕೊಳ್ಳುವುದು ಕಂಪನಿಯವರು. ತಮ್ಮ ಅಂಗಳದಲ್ಲಿ ಬೇರೆಯವರ ಗಿಡ ಎದ್ದು ನಿಂತದ್ದನ್ನು ಅವರು ನೋಡದೇ ಇರುತ್ತಾರೆಯೇ? ಇದರರ್ಥ ಹೆಸರು ಮುಚ್ಚಿಡಿ ಎಂದಲ್ಲ. ಹಾಗೆ ಮಾಡಿದರೆ ಸಿಕ್ಕಿಬಿದ್ದಾಗ ಅವರ ಗತಿ ನನ್ನದಕ್ಕಿಂತ ಕೆಟ್ಟದಾಗುತ್ತದೆ. ಯಾವ ಜಾಗದಲ್ಲಿ, ಯಾವ ರೀತಿಯಲ್ಲಿ ಹೆಸರು ಬರಬೇಕೆಂದು ಅವರನ್ನೇ ಕೇಳಿದ್ದರೆ ಒಪ್ಪಂದದ ಮಾತು ಆಗಲೇ ಹೊರಬರುತ್ತಿತ್ತು ಎಂದಷ್ಟೇ.

ಕಂಪನಿಗೆ ಮೂರು ಸಲ ಬರೆದೆ. ಮೂರನೆಯದಕ್ಕೆ ಉತ್ತರ ಬಂತು: ಸಾಧ್ಯವಿಲ್ಲ. ಗಾಯಕಿಗೂ ಎಚ್ಚರಿಕೆಯ ಪತ್ರ ಹೋಗಿತ್ತು. ಅವರು ನನ್ನ ಮೇಲೆ ಕೋಪಿಸಿಕೊಂಡರು, ನಾನು ಅವರ ಮೇಲೆ. ಇಬ್ಬರ ಕೋಪವೂ ತಿಂಗಳೊಪ್ಪತ್ತಿನಲ್ಲಿ ಇಳಿಯಿತು, ಮಾತು ಮಾತ್ರ ಮೊದಲಿನಂತಾಗಲಿಲ್ಲ.

ಬೇರೊಬ್ಬ ಗಾಯಕಿಯಿಂದ ಹಾಡಿಸಿದೆ. ಅದೇ ಹಾಡಲ್ಲವೇ, ಹಳೆಯ ಜಾಗದಲ್ಲಿ ಹೊಸ ಫೈಲ್ ಹಾಕಿದರಾಯಿತು ಎಂದುಕೊಂಡರೆ ಅದಕ್ಕೂ ಕಲ್ಲು. ಪ್ರತಿ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರ, ಅಂಕಿಗಳ ಗುರುತು ಇರುತ್ತದೆ. ಅದೇ ಫೈಲನ್ನು ಮರಳಿ ಏರಿಸಿದರೆ ಹಳೆಯ ಗುರುತನ್ನೇ ಕೊಡಬಹುದು, ಆಲಿಸಿದವರ ಲೆಕ್ಕ ಉಳಿಯುವ ಸಾಧ್ಯತೆ ಇರುತ್ತದೆ. ಧ್ವನಿ ಬದಲಾದರೆ ಅದು ಹೊಸ ಧ್ವನಿಮುದ್ರಣ, ಹೊಸ ಗುರುತು, ಲೆಕ್ಕ ಸೊನ್ನೆಯಿಂದ. ಹನ್ನೊಂದು ದಿನ ಜನ ತಮ್ಮ ಪಟ್ಟಿಗಳಿಗೆ ಸೇರಿಸಿಕೊಂಡಿದ್ದ ಹಾಡಿನ ಜಾಗದಲ್ಲಿ ಈಗಲೂ ಮಂಕು ಬಣ್ಣದ ಸಾಲೇ ಇದೆ.

ಈಗ ಯಾರನ್ನೇ ಕರೆಯಲಿ, ಮೊದಲ ಸ್ವರ ನುಡಿಸುವ ಮುಂಚೆ ಒಂದು ಪುಟ ಕಳಿಸುತ್ತೇನೆ, ವಕೀಲರ ಭಾಷೆಯಲ್ಲಲ್ಲ, ಮಾತನಾಡುವ ಭಾಷೆಯಲ್ಲಿ. ಬೇರೆ ಒಪ್ಪಂದ ಇದೆಯೇ ಎಂಬುದು ಮೊದಲ ಪ್ರಶ್ನೆ. ಸಂಭಾವನೆ ಎಷ್ಟು, ಯಾವಾಗ. ಬೇಡವೆಂದರೆ ಬೇಡವೆಂದೇ ಅವರ ಕೈಬರಹದಲ್ಲಿ. ಹೊಸ ಸಾಲು ಹುಟ್ಟಿದರೆ ಪಾಲು ಹೇಗೆ, ಹೆಸರು ಹೇಗೆ ಬರೆಯಬೇಕು, ನುಡಿಸಿದ್ದನ್ನು ಕತ್ತರಿಸಿ ಬೇರೆಡೆ ಜೋಡಿಸಬಹುದೇ, ಕಚ್ಚಾ ಫೈಲ್ ಎಷ್ಟು ದಿನ ಉಳಿಸಿಕೊಳ್ಳುತ್ತಾರೆ. ಕೆಳಗೆ ಇಬ್ಬರ ಸಹಿ. ಡ್ರಮ್ಸ್ ಗೆಳೆಯನಿಗೂ ಕಳಿಸಿದೆ. ‘ನನಗೂ ಇದೆಲ್ಲಾ ಬೇಕೇನೋ?’ ಎಂದ, ಆದರೂ ಸಹಿ ಹಾಕಿದ. ಸಂಭಾವನೆಯ ಜಾಗದಲ್ಲಿ ನಾನು ಊಹಿಸಿದ್ದಕ್ಕಿಂತ ಎರಡು ಪಟ್ಟು ಬರೆದಿದ್ದ.

ಹಳೆಯ ಗಾಯಕಿಯ ಫೈಲ್ ಅಳಿಸಿಲ್ಲ. ಅವರ ಒಪ್ಪಂದ ಮುಗಿಯಲು ಇನ್ನೂ ಎರಡು ವರ್ಷವಿದೆ. ಅಷ್ಟರ ಮೇಲೂ ಕಂಪನಿಯನ್ನು ಮತ್ತೊಮ್ಮೆ ಕೇಳಬೇಕಾಗುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ಅದರ ಹೆಸರು ಇಂದಿಗೂ ‘ಮೂರನೆಯ ಹಾಡು, ಅಂತಿಮ’ ಎಂದೇ ಇದೆ.