ವರಪೂಜೆಯ ರಾತ್ರಿಯೂಟ: ಭಟ್ಟರೋ, ಗುತ್ತಿಗೆಯೋ, ಹೋಟೆಲೋ?

ಮುಹೂರ್ತದ ಊಟಕ್ಕೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಹೆಣ್ಣಿನ ಕಡೆಯವರ ಮರ್ಯಾದೆ ನಿಲ್ಲುವುದು ಮಾತ್ರ ಹಿಂದಿನ ರಾತ್ರಿ. ಬೀಗರ ಬಸ್ಸು ಏಳಕ್ಕೂ ಬರಬಹುದು, ಹತ್ತೂವರೆಗೂ ಬರಬಹುದು. ಹಾಗಾಗಿ ಆ ರಾತ್ರಿಯ ಏರ್ಪಾಟನ್ನು ನಾನು ಅಳೆಯುವುದು ಕೊನೆಯ ಪಂಕ್ತಿಯವರ ಎಲೆಗೆ ಏನು ಬಿತ್ತು ಎಂಬುದರಿಂದ.

ದೊಡ್ಡ ಮಗಳ ಮದುವೆ ತುಮಕೂರಿನ ಛತ್ರದಲ್ಲಿ. ಸಾಮಾನು ನಮ್ಮದು, ಕೈ ಅಡುಗೆ ಭಟ್ಟರದು. ಅವರು ಬರೆಸಿದ ಪಟ್ಟಿ ತೊಗರಿಬೇಳೆಯಿಂದ ಬೆಂಕಿಪೊಟ್ಟಣದವರೆಗೆ ಇತ್ತು. 100 ಎಲೆಗೆ 10–12 ಕೆ.ಜಿ. ಅಕ್ಕಿ ಎಂಬ ಅವರ ಲೆಕ್ಕ ಸರಿಯಾಗಿಯೇ ಇತ್ತು. ತುಪ್ಪ, ಗೋಡಂಬಿಯ ವಿಷಯದಲ್ಲಿ ಮಾತ್ರ ಕೈ ಸ್ವಲ್ಪ ಧಾರಾಳ. ಬೀಗರು ಬಂದಾಗ ಹತ್ತು ದಾಟಿತ್ತು, ಸಾರಿನ ಕೊಳಗ ತಳ ಕಂಡಿತ್ತು. ಭಟ್ಟರು ಮುಖ ಸಿಂಡರಿಸಲಿಲ್ಲ. "ಬೆಂದ ಬೇಳೆ ಎತ್ತಿಟ್ಟಿದ್ದೇನೆ ಸ್ವಾಮಿ, ಅವರು ಕೈಕಾಲು ತೊಳೆದು ಬರಲಿ" ಎಂದವರೇ ಒಂದು ಒಲೆಗೆ ಅಕ್ಕಿ ಹಾಕಿದರು, ಇನ್ನೊಂದರಲ್ಲಿ ಇಂಗಿನ ಒಗ್ಗರಣೆ ಸಿಡಿಸಿದರು. ಹಬೆಯಾಡುವ ಅನ್ನ, ತಿಳಿಸಾರು, ಆಗಷ್ಟೇ ಕರಿದ ಹಪ್ಪಳ. ವರನ ಸೋದರಮಾವ ಎರಡನೇ ಸಲ ಸಾರನ್ನು ಬೊಗಸೆಗೇ ಹಾಕಿಸಿಕೊಂಡು ಕುಡಿದರು.

ಇದಕ್ಕೆ ತೆತ್ತ ಬೆಲೆಯೂ ಇದೆ. ಉಗ್ರಾಣದ ಬೀಗದ ಕೈ ಹಿಡಿದಿದ್ದ ನನ್ನ ಭಾವಮೈದುನ ವರಪೂಜೆಯನ್ನು ಕಣ್ಣಾರೆ ನೋಡಲಿಲ್ಲ. ಕಾಫಿಪುಡಿ ಬೇಕು, ಬೆಲ್ಲ ಬೇಕು ಎಂದು ಐದು ನಿಮಿಷಕ್ಕೊಮ್ಮೆ ಕರೆ. ಮರುದಿನದ ಶಾಸ್ತ್ರಗಳ ಬಗ್ಗೆ ಪುರೋಹಿತರೊಂದಿಗೆ ಕೂತು ಮಾತನಾಡಲು ಯಾರಿಗೂ ಪುರುಸೊತ್ತಿರಲಿಲ್ಲ. ಧಾರೆಯ ಹೊತ್ತಿಗೆ ಅಂತರಪಟ ಹಿಡಿಯುವವರು ಯಾರೆಂದು ಮಂಟಪದಲ್ಲೇ ಹುಡುಕಾಟ ನಡೆಯಿತು.

ಚಿಕ್ಕವಳ ಮದುವೆಗೆ ಮೈಸೂರಿನಲ್ಲಿ ಎಲೆ ಲೆಕ್ಕದ ಗುತ್ತಿಗೆ. ಆ ರಾತ್ರಿ ನಮಗೆ ಸಿಕ್ಕ ನೆಮ್ಮದಿಯನ್ನು ಅಲ್ಲಗಳೆಯಲಾರೆ. ವರಪೂಜೆ ಮುಗಿದ ಮೇಲೆ ಮನೆಯವರೆಲ್ಲ ಪುರೋಹಿತರ ಸುತ್ತ ಕೂತೆವು. ಹುಡುಗಿಯನ್ನು ಕರೆತರುವ ಸೋದರಮಾವ ಯಾವ ಬಾಗಿಲಿನಿಂದ ಬರಬೇಕು, ಜೀರಿಗೆ ಬೆಲ್ಲ ಯಾರ ಕೈಯಲ್ಲಿರಬೇಕು, ಧಾರೆಯ ಗಿಂಡಿ ಎಲ್ಲಿರಬೇಕು ಎಂದು ಅವರು ಒಂದು ಸಲ ಎಲ್ಲರನ್ನೂ ನಿಲ್ಲಿಸಿ ನಡೆಸಿಯೇ ತೋರಿಸಿದರು. ಮರುದಿನ ಒಂದು ಕೂಗಾಟವಿಲ್ಲ.

ಆದರೆ ಒಂಬತ್ತೂವರೆಗೆ ಒಳಗಡೆ ಪಾತ್ರೆ ತೊಳೆಯುವ ಸದ್ದು ಕೇಳತೊಡಗಿತು. ರೈಲು ತಡವಾಗಿ ಹುಬ್ಬಳ್ಳಿಯಿಂದ ಬಂದ ನೆಂಟರಿಗೆ ಸಿಕ್ಕಿದ್ದು ಗಟ್ಟಿಯಾದ ಬಿಸಿಬೇಳೆಬಾತು, ಹೆಸರಿಗಷ್ಟೇ ಬಿಸಿ. ಹುಳಿ ಬಂದ ಮೊಸರನ್ನ. ಲೆಕ್ಕ ಚುಕ್ತಾ ಮಾಡುವಾಗ ಇನ್ನೊಂದು ವರಸೆ: ನಿದ್ದೆ ಬಂದ ಮಗುವಿಗೆಂದು ಹಾಕಿ ತೆಗೆದ ಎಲೆಯೂ ಒಂದು ಎಲೆಯೇ. ಜನ ಕಡಿಮೆಯಾದರೂ ಒಪ್ಪಿದ ಕನಿಷ್ಠ ಎಲೆಗಳ ಹಣ ಕೊಡಲೇಬೇಕು.

ಅಣ್ಣನ ಮಗನ ಮದುವೆಯಲ್ಲಿ ಬೆಂಗಳೂರಿನ ಹೋಟೆಲೊಂದರಲ್ಲಿ ಬಫೆ. ಹನ್ನೊಂದರವರೆಗೂ ಊಟ ಬಿಸಿಯಾಗಿಯೇ ಇತ್ತು, ಆ ಮಟ್ಟಿಗೆ ಒಳ್ಳೆಯ ಅಂಕ ಕೊಡುತ್ತೇನೆ. ಆದರೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಬೀಗರಿಗೆ "ಸಾವಕಾಶವಾಗಿ ಆಗಲಿ" ಎಂದು ಉಪಚಾರ ಹೇಳುವುದಾದರೂ ಹೇಗೆ? ನಮ್ಮ ದೊಡ್ಡಮ್ಮ ಒಂದು ಕುರ್ಚಿ ಸಿಗುವ ತನಕ ಉಣ್ಣಲೇ ಇಲ್ಲ.

ನನ್ನ ಆಯ್ಕೆ: ಹಿಂದಿನ ರಾತ್ರಿಗೆ ಭಟ್ಟರು, ಮುಹೂರ್ತಕ್ಕೆ ಗುತ್ತಿಗೆ. ಉಗ್ರಾಣಕ್ಕೆ ಮನೆಯವರನ್ನು ಕೂರಿಸದೆ ನಂಬಿಕಸ್ತರೊಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಂಡರೆ ಪುರೋಹಿತರ ಮುಂದೆ ಕೂರುವ ಆ ಒಂದು ಗಂಟೆಯೂ ಉಳಿಯುತ್ತದೆ. ತಮ್ಮ ಗುತ್ತಿಗೆದಾರರೇ ಆಗಬೇಕೆಂದು ಛತ್ರದವರು ಪಟ್ಟು ಹಿಡಿದರೆ, ಹತ್ತು ಗಂಟೆಯ ನಂತರವೂ 25 ಎಲೆಗೆ ಬಿಸಿ ಅನ್ನ, ಸಾರು ಬಡಿಸಬೇಕೆಂದು ಮುಂಗಡ ಕೊಡುವಾಗಲೇ ಬರೆಸಿಕೊಳ್ಳಿ. ಬಸ್ಸಿನ ಚಾಲಕ ಮತ್ತು ವಾಲಗದವರನ್ನೂ ಆ ಲೆಕ್ಕಕ್ಕೇ ಸೇರಿಸಿ.