ರೆಸಿನ್ ತಿಕ್ಕೋಕೆ ಮಷಿನ್ನಾ, ವಾಟರ್ ಪೇಪರ್ರಾ? ನನ್ನ ಓಟು ಪೇಪರಿಗೆ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಎಪಾಕ್ಸಿ ರೆಸಿನ್ (ಹಾರ್ಡನರ್ ಎಂಬ ಇನ್ನೊಂದು ದ್ರವ ಬೆರೆಸಿ ಸುರಿದರೆ ಪ್ಲಾಸ್ಟಿಕ್‌ನಂತೆ ಗಟ್ಟಿಯಾಗುವ ದ್ರವ) ಕೆಲಸ ಮಾಡುವವರಿಗೆ, ಅದರಲ್ಲೂ ನಮ್ಮ ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ಮಾಡುವವರಿಗೆ, ನೀರು ಹಾಕಿ ಕೈಯಲ್ಲಿ ತಿಕ್ಕುವ ವಾಟರ್ ಪೇಪರೇ ವಾಸಿ. ನಾಲ್ಕು ಸಾವಿರದ ಆಸುಪಾಸು ಕೊಟ್ಟು ತಂದ ಆರ್ಬಿಟಲ್ ಸ್ಯಾಂಡರ್, ಅಂದರೆ ಉಜ್ಜುವ ಹಾಳೆಯ ಡಿಸ್ಕ್ ಸುತ್ತಿಸುವ ಕರೆಂಟಿನ ಮಷಿನ್, ಈಗ ಅಟ್ಟದ ಮೇಲಿದೆ, ಅಪರೂಪಕ್ಕೆ ಕೆಳಗಿಳಿಯುತ್ತದೆ. ಈ ಎರಡರ ಜೊತೆಗೆ ಮೂರನೆಯದನ್ನೂ ಮಾಡಿ ನೋಡಿದ್ದೇನೆ: ನುಣುಪು ಬರುವವರೆಗೆ ತಿಕ್ಕುವ ರಗಳೆಯೇ ಬೇಡ ಎಂದು ಮೇಲೆ ಇನ್ನೊಂದು ಕೋಟ್ ಸುರಿಯುವುದು. ಕೋಸ್ಟರ್, ಗೋಡೆ ಗಡಿಯಾರ, ಹಲಸಿನ ಹಲಗೆ ಸೇರಿಸಿ ಮಾಡಿದ ಟ್ರೇ, ಇವೆಲ್ಲದರ ಮೇಲೂ ನಡೆದ ಪ್ರಯೋಗ ಇದು.

ಸ್ಯಾಂಡರ್‌ನ ವೇಗಕ್ಕೆ ಮಾತಿಲ್ಲ. ಉಬ್ಬುತಗ್ಗು ಮಟ್ಟ ಮಾಡುವ 120, 220 ನಂಬರಿನ (ಇದು ಉಜ್ಜುವ ಹಾಳೆಯ ನಂಬರು, ಹೆಚ್ಚಿದಷ್ಟೂ ಹಾಳೆ ನುಣುಪು) ಕೆಲಸವನ್ನು ಚಹಾ ಆರುವಷ್ಟರಲ್ಲಿ ಮುಗಿಸಿಕೊಡುತ್ತದೆ. ತಕರಾರು ಶುರುವಾಗುವುದು ಆಮೇಲೆ. 400, 600 ಎಲ್ಲ ಆಡಿಸಿ, ಧೂಳು ಒರೆಸಿ, ಟ್ರೇಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಚಕ್ಕುಲಿ ಸುತ್ತಿದ ಹಾಗೆ ಸಣ್ಣ ಸಣ್ಣ ಗೀರುಗಳು. ಟ್ಯೂಬ್‌ಲೈಟ್ ಕೆಳಗೆ ಇವು ಕಾಣುವುದೇ ಇಲ್ಲ. ತಿಳಿ ಬಣ್ಣದ ರೆಸಿನ್ ಆದರೆ ಹೇಗೋ ನಡೆದುಹೋಗುತ್ತದೆ. ಕಡುನೀಲಿ, ಕಪ್ಪು ಆಗಿದ್ದರೆ ಮುಗಿಯಿತು, ಪಾಲಿಶ್ ಹಾಕಿದಷ್ಟೂ ಎದ್ದು ಕಾಣುತ್ತವೆ. ಮೇಲಿನ ನಂಬರ್‌ನಿಂದ ಅದನ್ನು ಅಳಿಸಲು ಆಗುವುದಿಲ್ಲ. ಗೀರು ಬಿದ್ದದ್ದು ಯಾವ ನಂಬರ್‌ನಲ್ಲೋ ಅಲ್ಲಿಗೇ ವಾಪಸ್ ಹೋಗಿ ಅಲ್ಲಿಂದ ಮತ್ತೆ ಹತ್ತಬೇಕು.

ಇದು ಯಾಕಾಗುತ್ತದೆ ಎಂದು ಹುಡುಕುತ್ತಾ ಹೋದಾಗ ನಮ್ಮ ಹವೆಗೇ ಬಂದು ನಿಂತೆ. ಡಬ್ಬದ ಮೇಲೆ 72 ಗಂಟೆಯಲ್ಲಿ ಗಟ್ಟಿಯಾಗುತ್ತದೆ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ 25 ಡಿಗ್ರಿಯ ಲೆಕ್ಕ. ಜುಲೈನಲ್ಲಿ ಜಡಿಮಳೆ ಹಿಡಿದಾಗ ನಮ್ಮ ಮನೆಯೊಳಗೆ ಅಷ್ಟು ಬೆಚ್ಚಗೆ ಎಲ್ಲಿರುತ್ತದೆ? ಮುಟ್ಟಿದರೆ ಗಟ್ಟಿ ಅನಿಸುತ್ತದೆ, ಉಗುರು ಒತ್ತಿದರೆ ಗುರುತು ಬೀಳುತ್ತದೆ. ಅದರ ಮೇಲೆ ಮಷಿನ್ ಆಡಿಸಿದರೆ ಉಜ್ಜಿದ ಬಿಸಿಗೆ ರೆಸಿನ್ ಇನ್ನೂ ಮೆತ್ತಗಾಗಿ ಡಿಸ್ಕ್‌ಗೆ ಅಂಟುತ್ತದೆ. ಅಂಟಿದ್ದು ಗಂಟು ಕಟ್ಟುತ್ತದೆ, ಆ ಗಂಟೇ ಡಿಸ್ಕ್ ಜೊತೆ ಸುತ್ತುತ್ತಾ ಚಕ್ಕುಲಿ ಬಿಡಿಸುತ್ತದೆ. ಬೇಗ ಮುಗಿಯಲಿ ಎಂದು ಮಷಿನ್ ಒತ್ತಿ ಹಿಡಿದರೆ ಇನ್ನೂ ಆಳಕ್ಕೆ ಬೀಳುತ್ತದೆ.

ಇದರ ಜೊತೆಗೆ ಇನ್ನೊಂದು ಕಾಟ ಇದೆ. ಹಾರ್ಡನರ್‌ನಲ್ಲಿರುವ ಅಮೈನ್ ಎಂಬ ರಾಸಾಯನಿಕ ಗಾಳಿಯ ತೇವ ಮತ್ತು ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಮೇಲೆ ಮೇಣದಂಥ ಜಿಡ್ಡಿನ ಪೊರೆ ಕಟ್ಟುತ್ತದೆ. ಅದನ್ನು ತೊಳೆಯದೆ ತಿಕ್ಕಿದರೆ ಹೊಸ ಡಿಸ್ಕ್ ಕೂಡ ನೋಡನೋಡುತ್ತಿದ್ದಂತೆ ಕಟ್ಟಿಕೊಳ್ಳುತ್ತದೆ. ಆ ಪೊರೆ ನೀರಿಗೆ ಕರಗುವಂಥದ್ದು. ಬಚ್ಚಲ ಹಂಡೆಯ ಉಗುರುಬೆಚ್ಚಗಿನ ನೀರು, ಒಂದಿಷ್ಟು ಪಾತ್ರೆ ತೊಳೆಯುವ ಸೋಪು, ಹಳೇ ಬಟ್ಟೆ, ಇಷ್ಟರಲ್ಲಿ ಹೋಗುತ್ತದೆ. ಯಾವ ದಾರಿಯಲ್ಲಿ ತಿಕ್ಕುವವರೇ ಆಗಲಿ, ಮೊದಲು ತೊಳೆಯಿರಿ. ಮಳೆಗಾಲದಲ್ಲಿ ತಿಕ್ಕುವ ಮುಂಚೆ ರೆಸಿನ್ ಗಟ್ಟಿಯಾಗಲು ವಾರಕ್ಕೂ ಮಿಕ್ಕಿ ಬಿಡಿ.

ಧೂಳಿನ ಮಾತು ಬೇರೆ. ಪೂರ್ತಿ ಗಟ್ಟಿಯಾಗದ ಎಪಾಕ್ಸಿಯ ಧೂಳು ಚರ್ಮಕ್ಕೂ ಶ್ವಾಸಕ್ಕೂ ಅಲರ್ಜಿ ತರಬಹುದು. ಹೊರಗೆ ಮಳೆ, ಬಾಗಿಲು ಹಾಕಿಕೊಂಡು ಒಳಗೆ ಮಷಿನ್ ಹಚ್ಚುವುದಕ್ಕೆ ನನಗೆ ಧೈರ್ಯವಿಲ್ಲ. ಎನ್95 ಮಾಸ್ಕ್ ಹಾಕಿದರೂ ಧೂಳು ಮನೆಯಲ್ಲೇ ಕೂರುತ್ತದಲ್ಲ. ಕರೆಂಟಿನ ಕಥೆ ನಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ.

ವಾಟರ್ ಪೇಪರ್ ಎಂದರೆ ಗ್ಯಾರೇಜಿನಲ್ಲಿ ಕಾರಿಗೆ ಪೇಂಟ್ ಹೊಡೆಯುವ ಮುಂಚೆ ಉಜ್ಜುತ್ತಾರಲ್ಲ, ಅದೇ ಕಪ್ಪು ಹಾಳೆ. ಶಿವಮೊಗ್ಗದಲ್ಲಿ ಪೇಂಟ್ ಅಂಗಡಿಗಳಲ್ಲಿ ಬಿಡಿ ಬಿಡಿಯಾಗಿ ಕೊಡುತ್ತಾರೆ. ಬಳಸುವ ಕ್ರಮ ನನಗೆ ಕಲಿಸಿಕೊಟ್ಟವರು ಗ್ಯಾರೇಜಿನ ಪೇಂಟರ್ ಒಬ್ಬರು. "ಪೇಪರ್ ಮೊದ್ಲು ನೀರಲ್ಲಿ ನೆನೆಹಾಕಿ ಅಕ್ಕಾ, ಮೆತ್ತಗಾದ್ರೆ ಮೂಲೆ ಗೀರಲ್ಲ. ಬೆರಳಲ್ಲಿ ಒತ್ಬೇಡಿ, ಗುಂಡಿ ಬೀಳತ್ತೆ" ಎಂದು ಹವಾಯಿ ಚಪ್ಪಲಿಯ ತುಂಡೊಂದನ್ನು ಕತ್ತರಿಸಿ ಕೈಗಿಟ್ಟರು. ಆ ರಬ್ಬರ್ ತುಂಡಿಗೆ ಪೇಪರ್ ಸುತ್ತಿ ಉಜ್ಜಿದರೆ ಒತ್ತಡ ಎಲ್ಲ ಕಡೆ ಸಮ.

ನೀರು ಬಿಸಿಯನ್ನೂ ತೆಗೆಯುತ್ತದೆ, ಪುಡಿಯನ್ನೂ ತೊಳೆದುಕೊಂಡು ಹೋಗುತ್ತದೆ. ಹಾಗಾಗಿ ಗಂಟು ಕಟ್ಟುವ ಮಾತೇ ಕಡಿಮೆ. ನೀರಿಗೆ ಎರಡು ಹನಿ ಸೋಪು ಬಿಟ್ಟರೆ ಪೇಪರ್ ಇನ್ನೂ ಸಲೀಸಾಗಿ ಓಡುತ್ತದೆ. 320, 400, 600, 800, 1000, 1500, 2000, ಹೀಗೆ ಒಂದನ್ನೂ ಹಾರಿಸದೆ ಹೋಗಬೇಕು. ಪ್ರತಿ ನಂಬರ್‌ಗೂ ದಿಕ್ಕು ಬದಲಿಸುತ್ತೇನೆ: 400 ಉದ್ದಕ್ಕೆ, 600 ಅಡ್ಡಕ್ಕೆ. ಅಡ್ಡ ಗೀರುಗಳ ನಡುವೆ ಒಂದೇ ಒಂದು ಉದ್ದ ಗೀರು ಉಳಿದಿದ್ದರೂ ಒರೆಸಿ ನೋಡಿದ ಕೂಡಲೇ ಸಿಕ್ಕಿಬೀಳುತ್ತದೆ. ಒದ್ದೆ ಇದ್ದಾಗ ಎಲ್ಲವೂ ಫಳಫಳ ಅನ್ನುತ್ತದೆ, ಅದನ್ನು ನಂಬಬೇಡಿ. ಒಣಗಿಸಿಯೇ ನೋಡಬೇಕು.

ಕುಂದು ಇಲ್ಲವೇ? ಇದೆ. ಮರ ಸೇರಿದ ಕೆಲಸಕ್ಕೆ ನೀರು ಆಗಿಬರುವುದಿಲ್ಲ. ಹಲಸಿನ ಹಲಗೆಯ ನಾರು ಏಳುತ್ತದೆ, ತಿಕ್ಕಿದಾಗ ಬರುವ ಬಿಳಿ ರಾಡಿ ಅದರ ಸಂದಿಯಲ್ಲಿ ಕೂತರೆ ಒಣಗಿದ ಮೇಲೆ ತೆಗೆಯುವುದು ಕಷ್ಟ. ಅಂಥದ್ದನ್ನು ಒಣಗಿದ್ದಾಗಲೇ 320ರವರೆಗೆ ತಿಕ್ಕಿ, ಮರಕ್ಕೆ ತೆಳುವಾಗಿ ರೆಸಿನ್ ಸವರಿ ಮುಚ್ಚಿ, ಅದು ಗಟ್ಟಿಯಾದ ಮೇಲೆ ನೀರಿಗಿಳಿಯುತ್ತೇನೆ. ಭುಜ ನೋಯುವುದಂತೂ ಹೌದು.

ಇನ್ನು ಮೇಲೊಂದು ಕೋಟ್ ಸುರಿಯುವುದು. ಹೊಳಪಿನಲ್ಲಿ ಇದನ್ನು ಮೀರಿಸಲು ಯಾವುದಕ್ಕೂ ಆಗುವುದಿಲ್ಲ. 220ಕ್ಕೆ ತಿಕ್ಕಿ ಒರೆಸಿ ಸುರಿದರೆ ಗಾಜು. ಆದರೆ ಮೊದಲ ಮಳೆ ಬಿದ್ದ ಸಂಜೆ ದೀಪದ ಹುಳು ಬರುವ ಊರಿನಲ್ಲಿ ರಾತ್ರಿಯಿಡೀ ಹಸಿ ರೆಸಿನ್ ಕಾಯುವವರು ಯಾರು? ರೆಸಿನ್ ಖರ್ಚೂ ಮತ್ತೊಮ್ಮೆ. ಬೇಸಿಗೆಯಲ್ಲಿ, ಮುಚ್ಚುವ ಪೆಟ್ಟಿಗೆ ಇದ್ದವರಿಗೆ ಸರಿ.

ಪಾಲಿಶ್ ಹೆಚ್ಚು ಹೇಳುವಂಥದ್ದಲ್ಲ. 2000 ಆದ ಮೇಲೆ ಕಾರಿನ ರಬ್ಬಿಂಗ್ ಕಂಪೌಂಡ್ (ಹೊಳಪು ಬರಿಸುವ ಪೇಸ್ಟ್), ಮೈಕ್ರೋಫೈಬರ್ ಬಟ್ಟೆ. ಕೋಸ್ಟರ್‌ಗೆ ಕೈ ಸಾಕು. ದೊಡ್ಡದಕ್ಕೆ ಡ್ರಿಲ್‌ಗೆ ಫೋಮ್ ಪ್ಯಾಡ್ ಹಾಕಿ ನಿಧಾನ ವೇಗದಲ್ಲಿ ಆಡಿಸುತ್ತೇನೆ. ಗ್ರೈಂಡರ್ ಬೇಡವೇ ಬೇಡ. ನಿಮಿಷಕ್ಕೆ ಹತ್ತು ಸಾವಿರ ಸುತ್ತು ದಾಟುವ ಯಂತ್ರ ಕ್ಷಣದಲ್ಲಿ ರೆಸಿನ್ ಸುಡುತ್ತದೆ.

ನಾನು ಮಾಡುವುದು ಸಣ್ಣ ವಸ್ತುಗಳು, ರಾತ್ರಿ ಊಟವಾದ ಮೇಲೆ ಬಚ್ಚಲಲ್ಲಿ ಮಣೆ ಹಾಕಿಕೊಂಡು, ರೇಡಿಯೋ ಕೇಳುತ್ತಾ. ಒಂದು ಟ್ರೇಗೆ ಪೇಪರ್ ಖರ್ಚು ಇನ್ನೂರು ರೂಪಾಯಿ ದಾಟುವುದಿಲ್ಲ. ಹಾಗಾಗಿ ನನಗೆ ಇದೇ ಸರಿ. ಟೀಪಾಯಿ, ಊಟದ ಮೇಜು ಮಾಡುವವರು 220ರವರೆಗೆ ಸ್ಯಾಂಡರ್ ಬಳಸಲಿ, ಅದೂ ಗುರುತಿದ್ದವರಿಂದ ಕೇಳಿ ತಂದರೆ ಸಾಕು. ನನ್ನದನ್ನೂ ಕೊಡುತ್ತೇನೆ. ಅಲ್ಲಿಂದಾಚೆಗೆ ನೀರು.

ಒಂದು ವಿಷಯ ಮಾತ್ರ ದಯವಿಟ್ಟು ಗಮನಿಸಿ. ನಮ್ಮ ಮನೆಗಳಲ್ಲಿ ಬಚ್ಚಲ ನೀರು ಹೋಗುವುದು ಬಾಳೆ ಬುಡಕ್ಕೆ. ತಿಕ್ಕಿದ ರಾಡಿ ಪ್ಲಾಸ್ಟಿಕ್ ಪುಡಿ, ಅದನ್ನು ಅಲ್ಲಿಗೆ ಬಿಡಬೇಡಿ. ಬೇಸಿನ್ನಿನಲ್ಲಿ ಹಿಡಿದು ರಾತ್ರಿಯಿಡೀ ಬಿಟ್ಟರೆ ಅಡಿಗೆ ಕೂರುತ್ತದೆ. ಮೇಲಿನ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ ಚೆಲ್ಲಿ, ಗಸಿಯನ್ನು ಒಣಗಿಸಿ ಕವರ್‌ನಲ್ಲಿ ಕಟ್ಟಿ ಒಣಕಸಕ್ಕೆ ಕೊಡಿ.